ಗಿರಣಿಯ ಮೇಲಿನ ಮನಶ್ಶಾಸ್ತ್ರ

ಮನಶ್ಶಾಸ್ತ್ರ ಓದಿದವರ ಜೊತೆ ನಮ್ಮ ಸೀಮೆಯ ನಾಲ್ಕು ಊರು ಸುತ್ತಿದರೆ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ, ಹುಡುಕಿಕೊಂಡು ಹೋಗಬೇಕಾಗಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನ್ನ ಹೆಂಡತಿ ತೀರಿಕೊಂಡ ವರ್ಷ ಅವಳ ತಂಗಿ, ಅಂದರೆ ನನ್ನ ನಾದಿನಿ, ಚನ್ನಪಟ್ಟಣದಲ್ಲಿ ಒಂದು ರಾಗಿ ಗಿರಣಿಯ ಮಹಡಿಯಲ್ಲಿ ಕೋಣೆ ಹಿಡಿದು ‘ಆಪ್ತ ಸಮಾಲೋಚನೆ’ ಎಂದು ಬೋರ್ಡು ಹಾಕಿದಳು. ನಮ್ಮ ಅತ್ತೆ ಒಂದು ಷರತ್ತು ಹಾಕಿದ್ದರು. ದೀಪಾವಳಿಯೊಳಗೆ ಆ ಮೆಟ್ಟಿಲನ್ನು ಒಬ್ಬರಾದರೂ ಹತ್ತದಿದ್ದರೆ ಬೋರ್ಡು ಇಳಿಸಿ, ಬೀದರಿನ ಕಡೆ ಒಂದು ಕಾಲೇಜಿನಲ್ಲಿ ಸಿಕ್ಕಿದ್ದ ಕೆಲಸಕ್ಕೆ ಹೋಗಬೇಕು. ಅವಳು ಹೋಗಿಬಿಟ್ಟರೆ ನನ್ನ ಹೆಂಡತಿಯ ಹೆಸರನ್ನು ನನ್ನ ಮುಂದೆ ಸಹಜವಾಗಿ ಎತ್ತುವವರು ಯಾರೂ ಉಳಿಯುತ್ತಿರಲಿಲ್ಲ. ಉಳಿದವರೆಲ್ಲ ನನ್ನನ್ನು ಕಂಡರೆ ಮಳೆ ಬೆಳೆಯ ಮಾತಾಡುತ್ತಿದ್ದರು.

ಬೋರ್ಡೊಂದನ್ನೇ ನಂಬಿ ಕೂರುವುದು ಬೇಡವೆಂದು ಅವಳು ಊರೂರಿಗೆ ಹೋಗುತ್ತಿದ್ದಳು. “ಭಾವ, ಕಣ್ಣಿಗೊಬ್ಬ ಡಾಕ್ಟರು, ಹಲ್ಲಿಗೊಬ್ಬ ಡಾಕ್ಟರು ಇಲ್ವಾ? ನಮ್ಮಲ್ಲೂ ಹಾಗೇ. ಮಕ್ಕಳ ಕಲಿಕೆ ನೋಡೋರು ಬೇರೆ, ಕಾರ್ಖಾನೆ ನೋಡೋರು ಬೇರೆ, ಆಟಗಾರರನ್ನ ನೋಡೋರು ಬೇರೆ. ಇಲ್ಲಿ ಮಾತ್ರ ಎಲ್ಲಾ ನಾನೇ,” ಎನ್ನುತ್ತಿದ್ದಳು. ಬಿಡುವಾದಾಗ ಬ್ಯಾಗು ಹಿಡಿಯಲು ನಾನು ಹೋಗುತ್ತಿದ್ದೆ.

ಶಾಲೆಯಲ್ಲಿ

ಮೊದಲು ಕರೆ ಬಂದದ್ದು ಮಾಗಡಿ ತಾಲ್ಲೂಕಿನ ಒಂದು ಶಾಲೆಯಿಂದ. ಹತ್ತನೇ ತರಗತಿಯ ಮಕ್ಕಳಿಗೆ ಯಾವ ಕೆಲಸದಲ್ಲಿ ಒಲವಿದೆ ಎಂದು ತಿಳಿಯುವ ಪರೀಕ್ಷೆ. ಯಂತ್ರ ಬಿಚ್ಚಿ ನೋಡುವುದು ಇಷ್ಟವೋ, ರೋಗಿಗಳ ಆರೈಕೆ ಇಷ್ಟವೋ, ಚಿತ್ರ ಬರೆಯುವುದು ಇಷ್ಟವೋ, ಹೀಗೆ ಪ್ರಶ್ನೆಗಳು. “ಇದರಲ್ಲಿ ಸರಿ ತಪ್ಪು ಅಂತ ಇಲ್ಲ,” ಎಂದು ನಾದಿನಿ ಮತ್ತೆ ಮತ್ತೆ ಹೇಳಿದಳು. ಸರಿ ತಪ್ಪು ಇಲ್ಲದ ಪರೀಕ್ಷೆಯನ್ನು ಮಕ್ಕಳು ಅದುವರೆಗೆ ಕಂಡಿರಲಿಲ್ಲ; ನಂಬಲೂ ಇಲ್ಲ.

ಉತ್ತರ ನೋಡಿದರೆ ಇಡೀ ತರಗತಿಗೆ ನರ್ಸ್ ಆಗುವ ಒಲವು. ಕ್ಲಾಸಿಗೇ ಫಸ್ಟ್ ಬರುವ ಹುಡುಗಿಗೆ ನರ್ಸ್ ಆಗಬೇಕೆಂದಿತ್ತು. ಅವಳ ಹಾಳೆ ಹಿಂದಿನ ಬೆಂಚಿನವರೆಗೂ ಹೋಗಿ ಬಂದಿತ್ತು. ಕ್ವಾರಿಯಲ್ಲಿ ಕಲ್ಲು ಒಡೆಯುವವನಂತಿದ್ದ, ಮೀಸೆ ಬಂದ ಹುಡುಗನಿಗೂ ಅದೇ ಆಸೆ.

ನಾದಿನಿ ತಲೆ ಹಿಡಿದು ಕೂತಿದ್ದಾಗ ಹೆಡ್‌ಮಾಸ್ಟರು ಹಾಳೆಗಳನ್ನು ತಿರುವಿ ನೋಡಿ, ಮುಖ ಅರಳಿಸಿ, “ನೋಡಿದ್ರಾ ಮೇಡಂ? ಎಲ್ಲಾರ್ದೂ ಒಂದೇ ಉತ್ತರ. ಈ ಸಲ ನಮ್ದು ನೂರಕ್ಕೆ ನೂರು ರಿಸಲ್ಟು!” ಎಂದರು.

ಬಿಚ್ಚಾಣಿಕೆ ಘಟಕದಲ್ಲಿ

ರಾಮನಗರದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ಒಂದು ಸಣ್ಣ ಘಟಕ. ಹೆಂಗಸರು ಕೆಲಸಕ್ಕೆ ಬಂದು ತಿಂಗಳಲ್ಲೇ ಬಿಟ್ಟುಹೋಗುತ್ತಾರೆ, ಏನೆಂದು ನೋಡಿ ಎಂದು ಮಾಲೀಕರು ಕರೆಸಿದರು. ನಾದಿನಿ ಒಬ್ಬೊಬ್ಬರನ್ನೇ ಹೊರಗೆ ಕೂರಿಸಿಕೊಂಡು ಮಾತಾಡಿಸಿದಳು. ಬಿಸಿನೀರಿನ ಬಗ್ಗೆ ದೂರಿಲ್ಲ, ಹೊಗೆಯ ಬಗ್ಗೆಯೂ ಇಲ್ಲ. ಎಲ್ಲರ ದೂರೂ ಒಂದೇ: “ಸಾವ್ಕಾರ್ರು ಬೆನ್ನ್‌ ಹಿಂದೇನೇ ನಿಂತಿರ್ತಾರೆ ಕಣವ್ವಾ. ಕೈಯೇ ಓಡಾಕಿಲ್ಲ.”

ಅವಳು ಯಾರ ಹೆಸರನ್ನೂ ಹೇಳದೆ ವಿಷಯ ತಿಳಿಸಿದಳು. ಮಾಲೀಕರು ಒಳ್ಳೆಯವರು; ತಕ್ಷಣ ಒಪ್ಪಿಕೊಂಡರು. “ಇನ್ಮೇಲೆ ಅಲ್ಲಿ ನಾನು ನಿಂತ್ರೆ ಕೇಳಿ,” ಎಂದರು.

ಮುಂದಿನ ಭಾನುವಾರ ಹೋದಾಗ ಅವರು ಮಾತು ಉಳಿಸಿಕೊಂಡಿದ್ದರು. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಒಳಗೆ ಹೆಂಗಸರ ಬೆನ್ನ ಹಿಂದೆ, ಸೊಂಟಕ್ಕೆ ಸೆರಗು ಸಿಕ್ಕಿಸಿ, ವಯಸ್ಸಾದ ಒಬ್ಬರು ನಿಂತಿದ್ದರು.

“ಇವರು ಯಾರು?” ಎಂದು ನಾದಿನಿ ಕೇಳಿದಳು.

“ನಮ್ಮವ್ವ. ನೀವೇಳ್ದಂಗೆ ನಾನು ದೂರ ಬಂದ್ಬುಟ್ಟೆ ಮೇಡಂ.”

ಮೈದಾನದಲ್ಲಿ

ಕನಕಪುರದ ಕಬಡ್ಡಿ ತಂಡಕ್ಕೆ ಆಟಕ್ಕೆ ಮೊದಲು ಕೈಕಾಲು ನಡುಗುವ ರೋಗ. ನಾದಿನಿ ಅವರನ್ನು ಸಾಲಾಗಿ ಕೂರಿಸಿ, ಕಣ್ಣು ಮುಚ್ಚಿಸಿ, ಗೆದ್ದಂತೆ ಕಲ್ಪಿಸಿಕೊಳ್ಳಲು ಹೇಳಿಕೊಟ್ಟಳು. ಎದುರಾಳಿಯನ್ನು ಮುಟ್ಟಿದಿರಿ, ಗೆರೆಗೆ ವಾಪಸ್ಸು ಬಂದಿರಿ, ಜನ ಚಪ್ಪಾಳೆ ಹೊಡೆಯುತ್ತಿದ್ದಾರೆ. ಹುಡುಗರು ಶ್ರದ್ಧೆಯಿಂದ ಕೂತರು. ಒಬ್ಬ ಕಣ್ಣು ಮುಚ್ಚಿಕೊಂಡೇ ಕೈ ಮುಗಿದ, ಬಹುಮಾನ ತೆಗೆದುಕೊಳ್ಳುತ್ತಿದ್ದನಂತೆ.

ಆಟದಲ್ಲಿ ಕೈ ನಡುಗಲಿಲ್ಲ. ಹೀನಾಯವಾಗಿ ಸೋತರು, ಅಷ್ಟೇ. ಆದರೂ ನಗುನಗುತ್ತಾ ಬಂದ ಕ್ಯಾಪ್ಟನ್ನನ್ನು ನಾದಿನಿ ಏನಾಯಿತೆಂದು ಕೇಳಿದಳು.

“ಮನಸ್ನಾಗೆ ಬೆಳಿಗ್ಗೆನೇ ಗೆದ್ದ್ಬುಟ್ಟಿದ್ವಲ್ಲ ಮೇಡಂ, ಸಾಯಂಕಾಲ ಒಸಿ ಸುಸ್ತಾಗಿತ್ತು.”

ಮೆಟ್ಟಿಲಿನಲ್ಲಿ

ಇಷ್ಟೆಲ್ಲ ಆದರೂ ಚನ್ನಪಟ್ಟಣದ ಮೆಟ್ಟಿಲನ್ನು ಒಬ್ಬರೂ ಹತ್ತಲಿಲ್ಲ. ಹತ್ತಿದರೆ ಹುಚ್ಚು ಹಿಡಿದಿದೆ ಎಂದು ಬೀದಿ ಮಾತಾಡುತ್ತದೆ ಎಂಬ ಹೆದರಿಕೆ. ಬರುತ್ತಿದ್ದವರು ಬರುತ್ತಿದ್ದರು; ಆದರೆ ಕೈಯಲ್ಲೊಂದು ರಾಗಿ ಚೀಲ ಹಿಡಿದು ಗಿರಣಿಗೆ ಬಂದವರ ಹಾಗೆ ಕೆಳಗಿನ ಬೆಂಚಿನ ಮೇಲೆ ಕೂರುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನೂ ಅಲ್ಲೇ ಕೂರುತ್ತಿದ್ದೆ. ಮೇಲೆ ಹೋಗಿ ಹೇಳಬೇಕಾದದ್ದನ್ನು ನನ್ನ ಹತ್ತಿರ ಹೇಳಿ, ಹಿಟ್ಟು ತೆಗೆದುಕೊಂಡು ಹೊರಡುತ್ತಿದ್ದರು. ನಾನು ಬಾಯಿ ಬಿಡುತ್ತಿರಲಿಲ್ಲ. ಅದೇ ಅವರಿಗೆ ಹಿಡಿಸಿತ್ತೋ ಏನೋ.

ಗಿರಣಿಯವರಿಗೆ ಬಲು ಖುಷಿ. “ಅಮ್ಮೋರೆ, ರೂಮ್ ಬುಡಬ್ಯಾಡಿ. ನಮ್ ಯಾಪಾರ ಎದ್ದಿರೋದೇ ನಿಮ್ಮಿಂದ,” ಎನ್ನುತ್ತಿದ್ದರು. ನಾದಿನಿ ಹಲ್ಲು ಕಚ್ಚಿಕೊಂಡು ಮೇಲೆ ಹೋಗುತ್ತಿದ್ದಳು.

ಗಿರಣಿ ಓಡುವಾಗ ಪಕ್ಕದಲ್ಲಿ ಕೂತವರಿಗೂ ಕೇಳುವುದಿಲ್ಲ. ಆದ್ದರಿಂದ ಗುಟ್ಟನ್ನು ಕಿರುಚಿಯೇ ಹೇಳಬೇಕು. ದೊಡ್ಡಮಳೂರಿನ ಕಡೆಯ ಒಬ್ಬರು, ಒಳ್ಳೆ ಮೈಕಟ್ಟಿನ ರೈತರು, ನನ್ನ ಕಿವಿಯ ಹತ್ತಿರ ಬಾಯಿಟ್ಟು ಸಂಕಟ ತೋಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಕರೆಂಟು ಹೋಗಿ ಗಿರಣಿ ನಿಂತಿತು. ನಿಂತ ಮೇಲೂ ಅವರ ಗಂಟಲು ಅದೇ ಎತ್ತರದಲ್ಲಿತ್ತು: “ನಂಗೆ ನಮ್ಮನೆಯೋಳ್ನ ಕಂಡ್ರೆ ಭಯ ಮೇಷ್ಟ್ರೇ!”

ಬೀದಿಗೆ ಬೀದಿಯೇ ತಿರುಗಿ ನೋಡಿತು. ಅವರು ಚೀಲವನ್ನೂ ಬಿಟ್ಟು ಓಡಿದರು.

ಅಂದಿನಿಂದ ಬೆಂಚೂ ಖಾಲಿ. ದೀಪಾವಳಿಗೆ ಮೂರು ದಿನ ಉಳಿದಿರುವಾಗ ನಾದಿನಿ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದಳು. “ಮೊದಲು ಯಾರಾದ್ರೂ ಒಬ್ಬರು ಹತ್ತಿದ್ರೆ ಸಾಕಿತ್ತು ಭಾವ,” ಎಂದಳು.

ನಾನು ಕೆಳಗಿಳಿದೆ. ಬೀದಿಯಲ್ಲಿ ಜನ ಇರುವ ಹೊತ್ತು ನೋಡಿಕೊಂಡು, ನನಗೂ ಸಮಾಲೋಚನೆ ಬೇಕಾಗಿದೆ ಎಂದು ಗಿರಣಿಯವರಿಗೆ ಗಟ್ಟಿಯಾಗಿ ಹೇಳಿ, ಎಲ್ಲರಿಗೂ ಕಾಣುವ ಹಾಗೆ, ನಿಧಾನವಾಗಿ ಮೆಟ್ಟಿಲು ಹತ್ತಿದೆ. ಸ್ವಲ್ಪ ಹೊತ್ತು ಕೂತು ಇಳಿದರಾಯಿತು ಎಂದುಕೊಂಡಿದ್ದೆ. ಅವಳು ಮಾತ್ರ ಇದನ್ನು ಆಟವೆಂದುಕೊಳ್ಳಲಿಲ್ಲ. ಎದುರಿನ ಕುರ್ಚಿ ತೋರಿಸಿ, ಹೊಸಬರನ್ನು ಕೇಳುವ ಹಾಗೆ, “ಮನೇಲಿ ಯಾರ್ಯಾರು ಇದ್ದೀರಿ?” ಎಂದಳು.

“ನಾನೊಬ್ಬನೇ,” ಎಂದೆ. ಆಮೇಲೆ ಬಹಳ ಹೊತ್ತು ಮಾತಾಡಿದೆ. ಅವಳ ಅಕ್ಕ ಸಾರಿಗೆ ಉಪ್ಪು ಹಾಕಿದ್ದನ್ನು ಮರೆತು ಇನ್ನೊಂದು ಸಲ ಹಾಕುತ್ತಿದ್ದದ್ದು, ನಾನು ಸುಮ್ಮನೆ ಉಣ್ಣುತ್ತಿದ್ದದ್ದು, ಈಗ ನನ್ನ ಅಡುಗೆಯಲ್ಲಿ ಉಪ್ಪು ಸರಿಯಾಗಿದ್ದರೂ ಊಟ ಸೇರದಿರುವುದು. ಅವಳು ಅತ್ತಳು, ನಾನೂ ಅತ್ತೆ.

ಮುಖ ಒರೆಸಿಕೊಂಡು ಬಾಗಿಲು ತೆರೆದರೆ ಮೆಟ್ಟಿಲ ತುಂಬ ಜನ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ದೊಡ್ಡಮಳೂರಿನ ಆ ರೈತರು ತಲೆ ತಗ್ಗಿಸಿ ನಿಂತಿದ್ದರು. ಅವರ ತೋಳನ್ನು ಗಟ್ಟಿಯಾಗಿ ಹಿಡಿದು ಅವರ ಹೆಂಡತಿ ನಿಂತಿದ್ದರು.

“ಮೇಷ್ಟ್ರೇ ಹತ್ತವ್ರೆ ಅಂದ್ರು, ಅದ್ಕೇ ಎಳ್ಕೊಂಡ್ ಬಂದೆ,” ಎಂದು ಆಕೆ ನಾದಿನಿಗೆ ಹೇಳಿದರು. “ಒಸಿ ನೋಡವ್ವ ಇವ್ರನ್ನ. ನನ್ ಕಂಡ್ರೆ ಭಯವಂತೆ. ಭಯ ಪಡಬ್ಯಾಡ, ಭಯ ಪಡಬ್ಯಾಡ ಅಂತ ದಿನಾ ಪೊರಕೆ ತಕ್ಕೊಂಡು ಯೋಳ್ತಾನೇ ಇವ್ನಿ, ತಲೆಗೇ ಓಯ್ತಾ ಇಲ್ಲ!”