ಗುರುಶಾಂತ ಕಾಕಾನ ರಾಕ್ ವ್ಯಾಖ್ಯಾನ ಯಂತ್ರ

"ಎಂಟನೇತ್ತಾ ಫೇಲಾಗಿ ಸಾಲಿ ಬಿಟ್ಟಾಂವಗ ರಾಕ್ ಅಂದ್ರ ಏನ್ ತಿಳೀತೈತಿ? ಇಂವ ಗಿಟಾರ್ ಹಿಡದ್ರ ಓಣ್ಯಾಗಿನ ಎಮ್ಮಿ ಹಾಲು ಕೊಡೂದಿಲ್ಲ!"

ಪಕ್ಕದ ಮನೆಯ ಗುರುಶಾಂತ ಕಾಕಾ ನನ್ನ ಬಗ್ಗೆ ಹೀಗೆಂದದ್ದು ಇಡೀ ಓಣಿಯ ಎದುರಿಗೆ! ಕೂತವರಲ್ಲಿ ಹಂಚಿನಾಳ ಸಾಹೇಬರೂ ಇದ್ದರು. ಮರುದಿನ ಸಂಜೆ ಹುಬ್ಬಳ್ಳಿಯ ಬಯಲು ರಂಗಮಂದಿರದಲ್ಲಿ ನಮ್ಮ ಬ್ಯಾಂಡಿನ ಮೊಟ್ಟಮೊದಲ ಕಾರ್ಯಕ್ರಮ ಇಟ್ಟವರೇ ಅವರು. ಅವರಿಗೆ ಹಿಡಿಸಿದರೆ ವರ್ಷವಿಡೀ ವೇದಿಕೆ. ಹಿಡಿಸದಿದ್ದರೆ ನಾನು ಸಾಯುವವರೆಗೂ ಅಂಗಡಿಯಲ್ಲಿ ಕೂತು ಸುಟ್ಟ ಮೋಟಾರಿಗೆ ತಂತಿ ಸುತ್ತಬೇಕು.

ಕಾಕಾ ರೈಲ್ವೆ ವರ್ಕ್‌ಶಾಪಿನ ನಿವೃತ್ತ ಫಿಟ್ಟರ್. ಅವನ ಹಿಂದಿನ ಸಂಶೋಧನೆ ಸ್ವಯಂಚಾಲಿತ ಕ್ಷೌರಯಂತ್ರ. ಅದರ ನೆನಪಿಗೆ ನನ್ನ ಎಡಹುಬ್ಬು ಇನ್ನೂ ಅರ್ಧವೇ ಇದೆ.

"ಜಗತ್ತಿನ ಎಂಥಾ ರಾಕ್ ವಿಡಿಯೋನರ ಹಾಕ್ರಿ, ಈ ಯಂತ್ರ ಅದರ ಮರ್ಮ ಬಿಡಿಸಿ ಹೇಳ್ತೈತಿ!" ಎಂದು ಕಾಕಾ ಟಿವಿಯ ಪಕ್ಕ ಇಟ್ಟಿದ್ದ ತನ್ನ ಹೊಸ ಯಂತ್ರದ ಗುಂಡಿ ಒತ್ತಿದ.

ಟಿವಿಯಲ್ಲಿ ವಿದೇಶದ ಗಾಯಕನೊಬ್ಬ ಅಂಗಿಯಿಲ್ಲದೆ, ಸೊಂಟದವರೆಗೆ ಕೂದಲು ಬಿಟ್ಟು, ಹೊಗೆಯ ನಡುವೆ ಚೀರುತ್ತಿದ್ದ. ಯಂತ್ರ ಗಂಟಲು ಸರಿಮಾಡಿಕೊಂಡಿತು.

"ಯವ್ವಾ! ಕೂದಲಕ್ಕ ಎಣ್ಣಿ ಕಂಡು ಎಷ್ಟ್ ದಿನಾ ಆತೋ! ಹಸೀ ಕಟ್ಟಿಗಿ ಹಚ್ಚ್ಯಾರ ನೋಡ, ಹೊಗಿ ತಡೀಲಾರದ ಒದರ್‍ಯಾಕತ್ತಾನ!"

ಗಾಯಕ ಗಿಟಾರನ್ನು ನೆಲಕ್ಕೆ ಬಡಿದು ಪುಡಿಮಾಡಿದ.

"ಇಂವಗ ಹೆಣ್ಣ ಕೊಡಬ್ಯಾಡ್ರಿ! ಇವತ್ತ ಗಿಟಾರ್ ಒಡದಾನ, ನಾಳೆ ಗಡಗಿ ಒಡೀತಾನ!"

ಆಮೇಲೆ ಅವನು ಕೈಚಾಚಿ ಜನರ ಮೇಲೆ ಹಾರಿದ.

"ಬಿದ್ದ! ಹಿಡೀರ್‍ಯವ್ವಾ! ಮುಂಜಾನಿಂದ ಹೊಟ್ಟಿಗೇನೂ ತಿಂದಿಲ್ಲ, ಚಕ್ಕರ್ ಬಂದಾವ!"

ಓಣಿ ಬಿದ್ದು ಬಿದ್ದು ನಕ್ಕಿತು. ನನಗೆ ಮಾತ್ರ ಈ ದನಿ ಎಲ್ಲೋ ಕೇಳಿದಂತಿತ್ತು.

"ಕಾಕಾ, ಇದಕ್ಕ ಮಾತು ಎಲ್ಲಿಂದ ಕಲಿಸಿದಿ?"

"ಕ್ರಿಕೆಟ್ಟಿನ ಕಾಮೆಂಟ್ರಿಯವರಾದ್ರೂ ನಡುವ ನೀರು ಕುಡೀತಾರ. ಉಸಿರು ತಗೊಳ್ಳದ ವ್ಯಾಖ್ಯಾನ ಎಲ್ಲಿ ಸಿಗತೈತಿ ಹೇಳು? ತಂಗಿ ಮಗಳ ಲಗ್ನಕ್ಕ ಓಣಿ ಹೆಂಗಸ್ರೆಲ್ಲಾ ಕೂಡಿ ಎಂಟು ದಿನಾ ರೊಟ್ಟಿ ಬಡದ್ರಲ್ಲಾ, ಅಲ್ಲೇ ಹಿಟ್ಟಿನ ಡಬ್ಬಿ ಹಿಂದ ರೆಕಾರ್ಡರ್ ಇಟ್ಟಿದ್ದೆ!"

ಹಂಚಿನಾಳ ಸಾಹೇಬರು ನಗುತ್ತಲೇ ಎದ್ದರು. "ಪಂಪಣ್ಣಾ, ನಾಳೆ ಇದು ನಿಮ್ಮ ಸ್ಟೇಜಿನ ಮ್ಯಾಲ ಇರಬೇಕ ನೋಡು!"

"ಆಗೂದಿಲ್ರೀ ಸಾಹೇಬ್ರ!"

"ಹಂಗಾದ್ರ ಕಾರ್ಯಕ್ರಮಾನೂ ಇಲ್ಲ."

ನಾನು ಹಲ್ಲು ಕಡಿದುಕೊಂಡು ಒಪ್ಪಿದೆ.

ಮರುದಿನ ಸಂಜೆಯೊಳಗೆ ಕಾಕಾ ಯಂತ್ರಕ್ಕೆ ಚಕ್ರ, ಜೊತೆಗೆ ಎರಡು ಉದ್ದನೆಯ ಕೈ ಜೋಡಿಸಿದ್ದ. "ಬರೇ ಮಾತಾಡಿದ್ರ ಏನ್ ಬಂತು? ಕಂಡ ತಪ್ಪು ತಿದ್ದಬೇಕು!" ಎಂಬುದು ಅವನ ಸಿದ್ಧಾಂತ.

ಸಾವಿರ ಜನ ಸೇರಿದ್ದರು. ನಾನು ಮೊದಲ ತಂತಿ ಮೀಟಿದೆನೋ ಇಲ್ಲವೋ, ಯಂತ್ರ ಉರುಳಿಕೊಂಡು ಬಂತು.

"ಪ್ಯಾಂಟು ಮೊಣಕಾಲಿಗೆ ಹರದೈತೆಲ್ಲೋ ತಮ್ಮಾ!"

"ಅದು ಫ್ಯಾಶನ್! ಬಿಡು ಕಾಲು!"

ಬಿಡಲಿಲ್ಲ. ಅರ್ಧ ಹಾಡಿನೊಳಗೆ ಎರಡೂ ಮೊಣಕಾಲಿಗೆ ತೇಪೆ ಬಿತ್ತು! ಡ್ರಮ್ ಬಾರಿಸುತ್ತಿದ್ದ ದಾವಲನ ಬೆವರು ಒರೆಸುವ ಭರದಲ್ಲಿ ಅದು ಅವನ ಬಾಯಿ ಮೂಗು ಎರಡನ್ನೂ ಮುಚ್ಚಿತು. ಹೊಗೆಯಂತ್ರದ ಮೇಲೆ ಒಂದು ಕೊಡ ನೀರು ಸುರಿಯಿತು. "ಕೂಸುಗೋಳು ಮಲಗ್ಯಾವ" ಎಂದು ಸ್ಪೀಕರಿನ ದನಿ ಇಳಿಸಿತು.

"ಕಾಕಾ, ಬಂದ್ ಮಾಡು!"

"ಗುಂಡಿ ಒತ್ತಾಕ ಹೋದ್ರ ಕೈಗೆ ಹೊಡೀತೈತೋ!"

ರೊಟ್ಟಿ ಬಡಿಯುವಲ್ಲಿ ಯಾವ ಮಾತೇ ಹೊರಡಲಿ, ಕೊನೆಗೆ ಹೋಗಿ ನಿಲ್ಲುವುದು ಯಾರದಾದರೂ ಲಗ್ನಕ್ಕೆ. ಯಂತ್ರವೂ ಅಲ್ಲಿಗೇ ಬಂತು. ಜನರತ್ತ ತಿರುಗಿ, "ಮೂರನೇ ಸಾಲಿನ್ಯಾಗ ಹಳದಿ ಸೀರಿ ಹುಡುಗಿ ಯಾರ ಪೈಕಿ? ನಮ್ಮ ಕೀಬೋರ್ಡ್ ಹುಡುಗ ಬಸಲಿಂಗಗ ಹೇಳಿ ಮಾಡಿಸಿದಂಗ ಐತಿ!" ಎಂದಿತು.

ಹಳದಿ ಸೀರೆಯ ಅಪ್ಪ ಎದ್ದು ನಿಂತ. "ಹುಡುಗ ಏನ್ ಮಾಡ್ತಾನ್ರಿ?"

ನಾಚಿಕೆಯಿಲ್ಲದ ಬಸಲಿಂಗ ಕೀಬೋರ್ಡ್ ಬಿಟ್ಟು ತಲೆ ಬಾಚಿಕೊಂಡ! ನಾನು ಒಬ್ಬನೇ ಗಂಟಲು ಹರಿಯುವಂತೆ ಹಾಡಿದೆ. ಯಾರಿಗೆ ಬೇಕಾಗಿತ್ತು? ನನ್ನ ಮೂರನೇ ಹಾಡು ಮುಗಿಯುವಷ್ಟರಲ್ಲಿ ವೇದಿಕೆಯ ಮೆಟ್ಟಿಲ ಮೇಲೆ ನಾಲ್ಕು ಸಂಬಂಧ ಕುದುರಿ, ಒಂದು ಮುರಿದು, ಮತ್ತೆ ಕೂಡಿತ್ತು. ಯಾರೋ ಸಕ್ಕರೆಯನ್ನೂ ಹಂಚಿದರು.

ಹಂಚಿನಾಳ ಸಾಹೇಬರು ಕಣ್ಣೊರೆಸಿಕೊಳ್ಳುತ್ತ ಬಂದರು. "ಪಂಪಣ್ಣಾ, ವರ್ಷಪೂರ್ತಿ ವೇದಿಕೆ ಗಟ್ಟಿ! ತಿಂಗಳಿಗೊಂದು ವಧೂವರರ ಮೇಳಾ. ಯಂತ್ರ ಮುಂದ ಇರಲಿ. ನೀವು ಹಿಂದ ಪರದೆ ಮರೀಗೆ ಕುಂತು ಮೆಲ್ಲಕ ಬಾರಿಸ್ರಿ. ಒಪ್ಪಿಗೀನೋ?"

"ಒಪ್ಕೊಳ್ಳೋ ತಮ್ಮಾ!" ಎಂದ ಕಾಕಾ.

ನಾನು ಗಿಟಾರನ್ನು ಹೆಗಲಿಗೇರಿಸಿ, ತೇಪೆ ಹಾಕಿದ ಪ್ಯಾಂಟಿನಲ್ಲೇ ಮೆಟ್ಟಿಲಿಳಿದು ಹೊರಟೆ. ತಿರುಗಿಯೂ ನೋಡಲಿಲ್ಲ.

ಹಿಂದಿನಿಂದ ಯಂತ್ರದ ದನಿ ಮೈದಾನದ ತುಂಬ ಕೇಳಿಸಿತು: "ನಡಿಗಿ ನೋಡ್ರವ್ವಾ, ತಾಳಕ್ಕ ಎಷ್ಟು ಸರಿಯಾಗೈತಿ! ಹಾಡಬೇಕಾದ್ರ ಏನಾಗಿತ್ತು ಇಂವಗ?"