ಕೆಳಗೆ ಬಿಸಿ ನೆಲ, ಮೇಲೆ ರೇಡಿಯೇಟರ್, ನಡುವೆ ನಮ್ಮ ಭಾವ

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಅಂತ ಯಾರಾದರೂ ಅಂದರೆ ನಾನು ಸುತರಾಂ ಒಪ್ಪುವವಳಲ್ಲ. ತಲೆ ಬಹಳ ಚೆನ್ನಾಗಿದೆ. ಅದನ್ನು ಆಫೀಸಿನಲ್ಲೇ ಬಿಟ್ಟು ಬರದೆ ದಿನಾ ಸಂಜೆ ಮನೆಗೂ ಹೊತ್ತುಕೊಂಡು ಬರುತ್ತಾರಲ್ಲ, ಅಲ್ಲೇ ಇರುವುದು ತಾಪತ್ರಯ!

ಭಾವ ಅಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯವರು. ಕೆಲಸ ಇಲ್ಲಿ ಡಚ್ಚರ ನಾಡಿನ ವೆಲ್ಡ್‌ಹೋವನ್‌ನಲ್ಲಿ, ಚಿಪ್ ಮಾಡುವ ಯಂತ್ರಗಳನ್ನು ಕಟ್ಟುವ ಕಂಪನಿಯಲ್ಲಿ. ಆ ಯಂತ್ರದ ಹೊಟ್ಟೆಯೊಳಗಿನ ಬಿಸಿ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕಾಯುವುದು ಇವರ ಕೆಲಸವಂತೆ. ಇಂಥವರ ಮನೆ ಇರುವುದು ಹತ್ತಿರದ ಬೆಸ್ಟ್ ಅನ್ನುವ ಊರಿನಲ್ಲಿ. ಆ ಮನೆಯಲ್ಲಿ ಏನಪ್ಪಾ ಅಂದರೆ, ಅಡುಗೆಮನೆಯಲ್ಲಿ ಬೆವರು, ಬಚ್ಚಲಲ್ಲಿ ನಡುಕ. ಕೇಳಿದರೆ, "ಅದು ಬೇರೆ ಸಿಸ್ಟಮ್ ಮಾರಾಯ್ತಿ, ನಿಂಗೆ ಗೊತ್ತಾಗುದಿಲ್ಲ" ಅನ್ನುತ್ತಾರೆ. ಸರಿ ಬಿಡಿ, ಗೊತ್ತಾಗುವುದಿಲ್ಲ!

ಇನ್ನು ಅಕ್ಕ. ಮೈಸೂರಿನಲ್ಲಿ ಭರತನಾಟ್ಯ ಕಲಿತು, ರಂಗಪ್ರವೇಶ ಮಾಡಿ, ಮದುವೆಯಾಗಿ ಇಲ್ಲಿಗೆ ಬಂದವಳು. ಬಂದ ಮೇಲೆ ಎಷ್ಟೋ ವರ್ಷ ಗೆಜ್ಜೆಯ ಪೆಟ್ಟಿಗೆ ಮಂಚದ ಕೆಳಗಿಂದ ಹೊರಗೆ ಬರಲೇ ಇಲ್ಲ. ಮಾತೂ ಕಮ್ಮಿಯಾಗಿತ್ತು, ನಗುವಂತೂ ಕೇಳಲೇಬೇಡಿ. ಆಮೇಲೆ ಅದು ಹೇಗೋ, ಪಕ್ಕದ ಬೀದಿಯ ಮಂಗಳೂರಿನವರ ಮಗಳಿಗೆ ಹೇಳಿಕೊಡುತ್ತಾ ಹೇಳಿಕೊಡುತ್ತಾ ಹಾಲ್ ತುಂಬ ಮಕ್ಕಳಾದರು. ಈಗ ಶನಿವಾರ ಬೆಳಗಿನಿಂದ ಸಂಜೆಯವರೆಗೆ ಬ್ಯಾಚಿನ ಮೇಲೆ ಬ್ಯಾಚು. ನಾನು ಯುಟ್ರೆಕ್ಟ್‌ನಿಂದ ರೈಲು ಬದಲಿಸಿಕೊಂಡು ಅಕ್ಕನಿಗೆ ಸಹಾಯ ಮಾಡಲು ಹೋಗುತ್ತೇನೆ. ನಿಜ ಹೇಳಬೇಕೆಂದರೆ ಬಿಸಿಬೇಳೆಬಾತ್‌ಗೆ ಹೋಗುತ್ತೇನೆ, ಸಹಾಯ ಅದರ ಜೊತೆಗೆ ಸಿಗುವ ಖಾರಾಬೂಂದಿ!

ಹೋದ ವರ್ಷದ ಚಳಿಗಾಲದಲ್ಲಿ ಅಕ್ಕನ ಕಾಲ್ಬೆರಳುಗಳು ಕೆಂಪಗೆ ಊದಿಕೊಂಡು ತುರಿಕೆ ಶುರುವಾಯಿತು. ಡಾಕ್ಟರು ನೋಡಿ, "ವಿಂಟರ್‌ತೇನೆನ್" ಅಂದರು. ಚಳಿಗಾಲದ ಕಾಲ್ಬೆರಳು ಅಂತ ಅರ್ಥ. ಇಲ್ಲಿನವರಿಗೆ ರೋಗಕ್ಕೊಂದು ಹೆಸರಿಟ್ಟರೆ ಅರ್ಧ ವಾಸಿಯಾದ ಹಾಗೆ! ಉಳಿದರ್ಧಕ್ಕೆ ಔಷಧಿ: ತಣ್ಣನೆಯ ನೆಲದ ಮೇಲೆ ಬರಿಗಾಲು ಬೇಡ, ಉಣ್ಣೆಯ ಸಾಕ್ಸ್ ಹಾಕಿ.

"ಸಾಕ್ಸ್ ಹಾಕ್ಕೊಂಡು ಭರತನಾಟ್ಯಾನಾ? ಅದಕ್ಕಿಂತ ಕ್ಲಾಸೇ ಮುಚ್ತೀನಿ" ಅಂದಳು ಅಕ್ಕ. ಕೂಗಾಡಿದ್ದರೆ ನಮಗೆ ಭಯವಾಗುತ್ತಿರಲಿಲ್ಲ. ಮೆಲ್ಲಗೆ ಹೇಳಿ ಒಳಗೆ ಹೋಗಿಬಿಟ್ಟಳು. ಭಾವ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು ಬಹಳ ಹೊತ್ತು ನೆಲವನ್ನೇ ನೋಡಿದರು.

"ಎಂತ ದೊಡ್ಡ ವಿಷಯ? ನೆಲವನ್ನೇ ಬಿಸಿ ಮಾಡಿದ್ರೆ ಆಯ್ತಲ್ಲ!"

ಮನೆಯಲ್ಲಿ ಮೊದಲಿನಿಂದ ಇದ್ದದ್ದು ಗೋಡೆಗೆ ತಗುಲಿಸಿದ ರೇಡಿಯೇಟರುಗಳು, ಬಾಯ್ಲರಿನ ಬಿಸಿನೀರು ಹರಿಯುವ ಆ ಬಿಳಿ ಹಲಗೆಗಳು. ಕೆಳಗಿನ ನೆಲ ಕಾಂಕ್ರೀಟು. ಅದರಲ್ಲಿ ಸಣ್ಣ ಕಾಲುವೆ ಕೊರೆದು ಪೈಪು ಹೂಳುವುದು, ಅದರೊಳಗೆ ಬಿಸಿನೀರು ಹರಿಸುವುದು. ಮೇಲಿನ ಮಹಡಿಗಳು ಮರದವು, ಕೊರೆಯುವ ಹಾಗಿಲ್ಲ, ಅಲ್ಲಿ ಹಳೇ ರೇಡಿಯೇಟರೇ ಇರಲಿ. ಬಾಯ್ಲರ್ ಒಂದೇ, ಸಂಸಾರ ಎರಡು. ಇಷ್ಟು ಪ್ಲಾನು. ಇದಕ್ಕೆ ತಿಳಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಬೇರೆಯವರಿಂದ ಮಾಡಿಸಿದರೆ ಅವರು ನಮ್ಮ ಭಾವ ಹೇಗಾಗುತ್ತಾರೆ, ನೀವೇ ಹೇಳಿ?

ಬೇಸಿಗೆ ರಜೆಯಲ್ಲಿ ಕೊರೆಯುವ ಯಂತ್ರ ಬಾಡಿಗೆಗೆ ಬಂತು. ಆ ಧೂಳು ಎಲ್ಲೆಲ್ಲಿ ಹೋಯಿತೋ ದೇವರೇ ಬಲ್ಲ. ದೀಪಾವಳಿಯವರೆಗೂ ಅಕ್ಕನ ಮನೆಯ ಸಾರಿನಪುಡಿಯಲ್ಲಿ ಸಣ್ಣಗೆ ಕರಕರ ಅನ್ನುತ್ತಿತ್ತು. ಪೈಪು ಹೂತು, ಮೇಲೆ ಟೈಲ್ಸ್ ಕೂರಿಸಿ, ಆದ ಮೇಲೆ ಬಿಸಿ ಎಲ್ಲ ಕಡೆ ಸಮವಾಗಿ ಬರುತ್ತಿದೆಯೋ ಇಲ್ಲವೋ ನೋಡಬೇಕಲ್ಲ? ಅದಕ್ಕೆ ಥರ್ಮಾಮೀಟರು ಹಿಡಿಯುತ್ತಾರೆ ಅಂದುಕೊಂಡಿರಾ? ಮನೆಯಲ್ಲಿದ್ದ ಸ್ಟೀಲ್ ಡಬ್ಬಿಗಳಿಗೆಲ್ಲ ದೋಸೆಹಿಟ್ಟು ಹಾಕಿ, ಹಾಲ್ ತುಂಬ ಸಾಲಾಗಿ ಇಟ್ಟರು!

"ಎಲ್ಲಿ ಹಿಟ್ಟು ಉಕ್ಕುತ್ತದೋ ಅಲ್ಲಿ ಪೈಪು ಸರಿ ಉಂಟು. ನೋಡಿದ್ಯಾ ಐಡಿಯಾ?"

"ರೀ, ಎಲ್ಲಾ ಉಕ್ಕಿದ್ರೆ ತಿನ್ನೋರು ಯಾರು?" ಅಂದಳು ಅಕ್ಕ.

ಎಲ್ಲವೂ ಉಕ್ಕಿತು. ಕಿಟಕಿಯ ಹತ್ತಿರದ ಒಂದು ಡಬ್ಬಿ ಮಾತ್ರ ಹುಳಿ ಬರದೆ ಕೂತಿತ್ತು. ಭಾವ ಸುಮಾರು ಹೊತ್ತು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಸರಿಯಾಗಿ ಓದದ ಮಗನನ್ನು ನೋಡುವ ಹಾಗೆ ನೋಡಿದರು. ನಾವೆಲ್ಲ ಆ ವಾರ ಪೂರ್ತಿ ದೋಸೆ ತಿಂದೆವು. ಡಚ್ ನೆರೆಯವರಿಗೂ ಕೊಟ್ಟೆವು. ಅವರು ಪಾಪ, ಸಕ್ಕರೆ ಉದುರಿಸಿಕೊಂಡು ತಿಂದರಂತೆ.

ಚಳಿ ಬಂತು. ಕ್ಲಾಸಿನ ಮೊದಲ ಶನಿವಾರ. ರೇಡಿಯೇಟರಿಗೆ ಬೇಕಾದ್ದು ಕುದಿಯುವ ಹತ್ತಿರದ ನೀರು, ನೆಲಕ್ಕೆ ಬೇಕಾದ್ದು ಸ್ನಾನದ ನೀರಿನಷ್ಟು ಬಿಸಿ. ನಮ್ಮ ಭಾವ ಇಬ್ಬರಿಗೂ ಒಂದೇ ನೀರು ಕೊಟ್ಟಿದ್ದರು. ಅವರ ಲೆಕ್ಕದಲ್ಲಿ ಟೈಲ್ಸ್ ತಲುಪುವಷ್ಟರಲ್ಲಿ ತಾನಾಗಿ ಆರಬೇಕಿತ್ತು. ಅದು ಆರಲಿಲ್ಲ! ಮಕ್ಕಳು ನೆಲಕ್ಕೆ ಕಾಲು ತಟ್ಟುವ ಮೊದಲ ಪಾಠ, ತಟ್ಟಡವು, ಶುರು ಮಾಡಿದರು ನೋಡಿ, ಅಬ್ಬಬ್ಬಾ ಆ ಚುರುಕು! ಒಂದು ಕಾಲು ಇಡುವುದರೊಳಗೆ ಇನ್ನೊಂದು ಮೇಲೆ. ಅಕ್ಕನ ಮುಖ ಅರಳಿತು. "ಹಾಂ, ಹೀಗೆ! ಕಾಲು ಹೀಗೆ ಏಳ್ಬೇಕು!" ಅಂತ ತಟ್ಟುಕೋಲು ಬಾರಿಸುತ್ತಲೇ ಇದ್ದಳು. ಕೊನೆಗೆ ಒಬ್ಬಳು ಹುಡುಗಿ ಸೋಫಾ ಹತ್ತಿ ನಿಂತು ಕೂಗಿದಳು:

"ಆಂಟಿ, ದ ಫ್ಲೋರ್ ಈಸ್ ಲಾವಾ!"

ಭಾವ ತಲೆ ಕೆರೆದುಕೊಂಡು, ಬಿಸಿನೀರಿಗೆ ತಣ್ಣೀರು ಬೆರೆಸಿ ನೆಲಕ್ಕೆ ಕಳಿಸುವ ವಾಲ್ವು ತಂದು ಹಾಕಿದರು. ಹಾಕಿದ್ದಕ್ಕೆ ನಮಗೊಂದು ಭಾಷಣ ಬೇರೆ, ಗೋಡೆಯ ಮೇಲೆ ಚಿತ್ರ ಬರೆದು. ಅಕ್ಕ ಪೂರ್ತಿ ಕೇಳಿಸಿಕೊಂಡು, "ಹಂಡೆ ನೀರಿಗೆ ತಣ್ಣೀರು ಬೆರಸೋದು ನಮ್ಮಜ್ಜಿಗೂ ಗೊತ್ತಿತ್ತು ಕಣ್ರೀ" ಅಂದಳು. "ನಿಮ್ಮಜ್ಜಿಯ ಹಂಡೆಗೆ ಫೀಡ್‌ಬ್ಯಾಕ್ ಇರ್ಲಿಲ್ಲ" ಅಂದರು ಭಾವ. "ಇತ್ತಲ್ಲ, ಬಿಸಿ ಜಾಸ್ತಿಯಾದ್ರೆ ನಾವು ಕಿರುಚ್ತಿದ್ವಿ!"

ಇಷ್ಟಾದ ಮೇಲೆ ನೆಲ ನಿಜಕ್ಕೂ ಹದವಾಯಿತು. ಅಂಗಾಲಿಗೆ ಅದೇನು ಸುಖ! ಅಕ್ಕನ ಬೆರಳುಗಳ ಊತವೂ ಇಳಿಯಿತು. ಪಾಠ ಹೇಳುವಾಗ ಮಕ್ಕಳನ್ನು ಅಣಕಿಸುತ್ತಾ ಅವಳು ನಗುತ್ತಿದ್ದರೆ, ಆ ನಗು ಬೀದಿಗೆ ಕೇಳಿಸುತ್ತಿತ್ತು. ನನಗಂತೂ ಮದುವೆಗೆ ಮುಂಚಿನ ಅಕ್ಕನೇ ವಾಪಸು ಸಿಕ್ಕ ಹಾಗಾಗಿತ್ತು.

ಆದರೆ ಭಾವನ ಸಿಸ್ಟಮಿಗೆ ಗೊತ್ತಿಲ್ಲದ ಒಂದು ಒಲೆ ಮನೆಯೊಳಗಿತ್ತು: ಮಕ್ಕಳು! ಅಷ್ಟು ಮಕ್ಕಳು ಬೆಳಗಿನಿಂದ ಕುಣಿದರೆ ಹಾಲ್ ತಾನಾಗಿಯೇ ಕಾಯುತ್ತದೆ. ಇಡೀ ಮನೆಗೆ ಥರ್ಮೋಸ್ಟಾಟ್ ಒಂದೇ, ಅದು ಇರುವುದು ಹಾಲಿನ ಗೋಡೆಯ ಮೇಲೆ. ಅದು, "ಓಹೋ, ಬೇಸಿಗೆ ಬಂತು" ಅಂದುಕೊಂಡು ಬಾಯ್ಲರನ್ನು ಮಲಗಿಸಿಬಿಡುತ್ತದೆ. ನೆಲಕ್ಕೇನು, ಒಮ್ಮೆ ಕಾದರೆ ಅರ್ಧ ದಿನ ಆರುವುದಿಲ್ಲ. ಮೇಲಿನ ರೇಡಿಯೇಟರುಗಳು ಮಾತ್ರ ಗಳಿಗೆಯಲ್ಲಿ ತಣ್ಣಗಾಗುತ್ತವೆ. ಅಟ್ಟದ ಕೋಣೆಯಲ್ಲಿ ಶನಿವಾರ ಇಡೀ ದಿನ ಕೂರುವವರು ಯಾರು? ನಮ್ಮ ಭಾವ! ಕ್ಲಾಸಿನ ಹೊತ್ತಿನಲ್ಲಿ ಅವರಿಗೆ ಕೆಳಗೆ ಪ್ರವೇಶವಿಲ್ಲ. ಒಮ್ಮೆ ಮಕ್ಕಳ ಕಾಲಿನ ಸದ್ದಿಗೆ ಟೈಲ್ಸ್ ಎಷ್ಟು ಅದುರುತ್ತದೆ ಅಂತ ಅಳೆಯಲು ಬಂದಿದ್ದರು, ಅವತ್ತಿನಿಂದ ನಿಷೇಧ.

"ಮೇಲೆ ಚಳಿ ಇಲ್ವೇನ್ರೀ? ನಿಮಗೆ ಹೋದ ಚಳಿಗಾಲದ ಕೆಮ್ಮು ಮತ್ತೆ ಬಂದ್ರೆ ನಾನು ಈ ಕ್ಲಾಸೆಲ್ಲ ಇಟ್ಕೊಳ್ಳಲ್ಲ" ಅಂತ ಅಕ್ಕ ಒಂದು ದಿನ ಕೇಳಿದಳು.

"ಚಳಿಯಾ? ಮೇಲೆ ಶೆಕೆ ಉಂಟು! ಬ್ಯಾಲೆನ್ಸ್ ಪರ್ಫೆಕ್ಟ್" ಅಂದರು ಭಾವ. ನಾನು ಬಿಸಿಬೇಳೆಬಾತ್ ಬಾಯಲ್ಲಿಟ್ಟುಕೊಂಡು ಮನಸ್ಸಿನಲ್ಲೇ ನಕ್ಕೆ. ಇವರ ಜಂಬವೇ! ಲೆಕ್ಕ ತಪ್ಪಿತು ಅಂತ ಒಪ್ಪಿಕೊಳ್ಳುವುದಕ್ಕಿಂತ ಸೆಡೆತು ಹೋಗುವುದೇ ಇವರಿಗೆ ಮೇಲು.

ಹೋದ ಶನಿವಾರ ಕಾಫಿ ತೆಗೆದುಕೊಂಡು ಅಟ್ಟಕ್ಕೆ ಹೋದೆ. ಬಾಗಿಲು ತೆಗೆದರೆ ನನ್ನ ಉಸಿರು ನನಗೇ ಕಾಣಿಸಿತು. ಭಾವ ದಪ್ಪ ಜಾಕೆಟ್ಟು, ಮಂಕಿಕ್ಯಾಪು, ಅದರ ಮೇಲೊಂದು ಕಂಬಳಿ ಹೊದ್ದು ಕೂತಿದ್ದಾರೆ. ಕೆಮ್ಮು ಬಂದರೆ ಮಫ್ಲರನ್ನು ಬಾಯಿಗೆ ಒತ್ತಿ ಹಿಡಿದು, ಕಣ್ಣಲ್ಲಿ ನೀರು ಬಂದರೂ ಸದ್ದಾಗದಂತೆ ನುಂಗುತ್ತಿದ್ದಾರೆ.

"ಭಾವ! ಇದೇನಿದು! ಒಂದು ಕರೆಂಟ್ ಹೀಟರಾದ್ರೂ ಹಾಕ್ಕೋಬಾರ್ದಾ?"

"ಶ್! ಅದು ಗುಂಯ್ ಅಂತದೆ ಮಾರಾಯ್ತಿ, ಕೆಳಗೆ ಅವಳಿಗೆ ಕೇಳ್ತದೆ. ಗೊತ್ತಾದ್ರೆ ಕ್ಲಾಸ್ ನಿಲ್ಲಿಸ್ತಾಳೆ. ಇಲ್ಲಿಗೆ ಬೇರೆ ಥರ್ಮೋಸ್ಟಾಟ್ ಹಾಕುದು, ಆರ್ಡರ್ ಮಾಡಿದ್ದೇನೆ. ಬರುವವರೆಗೆ ನೀ ಸುಮ್ಮನಿರು, ಆಯ್ತಾ?" ಅಂದವರು ಬೆರಳಿನಿಂದ ಕೆಳಗೆ ತೋರಿಸಿದರು. ಅಕ್ಕ ಯಾವುದಕ್ಕೋ ನಗುತ್ತಿದ್ದಳು. "ಕೇಳು, ಕೇಳು. ಈ ಮನೆಯಲ್ಲಿ ಎಷ್ಟು ವರ್ಷ ಇದು ಇರ್ಲಿಲ್ಲ, ಗೊತ್ತುಂಟಾ?"

ಕಾಫಿ ಲೋಟ ಅವರ ಕೈಗಿಟ್ಟು ಇಳಿದು ಬಂದೆ. ಬ್ಯಾಚುಗಳ ನಡುವೆ ಬಿಡುವು, ಅಕ್ಕ ಅಡುಗೆಮನೆಯಲ್ಲಿ ರಬ್ಬರಿನ ಚೀಲಕ್ಕೆ ಬಿಸಿನೀರು ತುಂಬಿಸುತ್ತಿದ್ದಳು.

"ತಗೋ, ಮೇಲೆ ಕೊಟ್ಟು ಬಾ. ನಾನು ಕೊಟ್ಟೆ ಅನ್ಬೇಡ."

"ಅಂದ್ರೆ ನಿಂಗೆ ಗೊತ್ತಾ?"

"ಅವರು ಕೆಮ್ಮು ತಡ್ಕೊಳ್ಳೋದು ನಂಗೆ ಕೇಳಲ್ವೇನೇ? ಕ್ಲಾಸ್ ನಿಲ್ಲಿಸ್ತೀನಿ ಅಂತ ಹೇಳೋಕೇ ಹೋದ ವಾರ ಮೇಲೆ ಹೋಗಿದ್ದೆ. ಬಾಗಿಲ ಸಂದಿಯಿಂದ ನೋಡ್ತೀನಿ, ಕಂಬಳಿ ಹೊದ್ಕೊಂಡು, ಕಣ್ಣು ಮುಚ್ಕೊಂಡು, ಕೆಳಗಿನ ಮಕ್ಕಳ ಹೆಜ್ಜೆಗೆ ಮೊಣಕಾಲ ಮೇಲೆ ತಾಳ ಹಾಕ್ತಾ ಕೂತಿದ್ರು. ಅದೂ ತಪ್ಪು ತಾಳ! ಹೆಂಗೇ ಹೇಳ್ಲಿ?" ಅಂದು ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು.

ಮತ್ತೆ ಮೆಟ್ಟಿಲು ಹತ್ತಿದೆ. ಭಾವ ಚೀಲ ತೆಗೆದುಕೊಂಡು ಗಾಬರಿಯಿಂದ ನೋಡಿದರು.

"ಅವಳಿಗೆ ಗೊತ್ತಾಗ್ಲಿಲ್ಲ ಅಲ್ಲ?"

"ಇಲ್ಲ ಭಾವ, ನಾನೇ ತುಂಬಿಸ್ಕೊಂಡು ಬಂದೆ. ಅವಳಿಗೇನೂ ಗೊತ್ತಿಲ್ಲ."

"ಸದ್ಯ" ಅಂತ ಅದನ್ನು ಎದೆಗವಚಿಕೊಂಡರು. ಕೆಳಗೆ ಅಕ್ಕ ಮುಂದಿನ ಬ್ಯಾಚಿಗೆ ತೈಯಾ ತೈ ಶುರು ಮಾಡಿದಳು, ಎಂದಿಗಿಂತ ಸ್ವಲ್ಪ ಜೋರಾಗಿಯೇ, ಅಟ್ಟದವರೆಗೂ ಕೇಳುವ ಹಾಗೆ.