ದಯವಿಟ್ಟು ಶನಿವಾರ ಬರಬೇಡಿ

ಆ ಹುಡುಗಿ ಮೊದಲ ಸಲ ನಮ್ಮ ಮನೆಗೆ ಬಂದ ದಿನ ನಾನು ಕಿಟಕಿ ಪರದೆ ಒಗೆಯುತ್ತಿದ್ದೆ. ಒದ್ದೆ ಕೈಯಲ್ಲೇ ಬಾಗಿಲು ತೆಗೆದೆ. ಒಂದು ಕಿವಿಗೆ ಫೋನು, ಕಂಕುಳಲ್ಲಿ ಕಾಗದದ ದೊಡ್ಡ ಸುರುಳಿ, ಬೆನ್ನ ಮೇಲೆ ಅವಳಿಗಿಂತ ದಪ್ಪನೆಯ ಚೀಲ. "ಮಹಡಿ ಮೇಲೆ ರೂಮು ಖಾಲಿ ಇದೆಯಂತಲ್ಲ?" ಎಂದಳು. ನನ್ನನ್ನು ಕೇಳಿದಳೋ ಫೋನಿನಲ್ಲಿದ್ದವರನ್ನು ಕೇಳಿದಳೋ ತಿಳಿಯಲಿಲ್ಲ. ನಾನೂ ಸುಮ್ಮನಿದ್ದೆ, ಫೋನೂ ಸುಮ್ಮನಿತ್ತು.

"ನಿಮ್ಮನ್ನೇ ಅಜ್ಜಿ," ಎಂದಳು.

"ಇದೆ. ನಿನಗೇನು ಕೆಲಸ?"

"ಬ್ಯಾಂಡ್‌ಗಳ ಕೆಲಸ."

"ಹಾಡ್ತೀಯಾ?"

"ಇಲ್ಲ."

"ಬಾರಿಸ್ತೀಯಾ?"

"ಅದೂ ಇಲ್ಲ. ನಮ್ಮೂರಲ್ಲೇ ಹಾಡೋರು, ಬಾರಿಸೋರು ಇದ್ದಾರಲ್ಲ, ಅವರನ್ನ ಜನ ಕೇಳೋ ಹಾಗೆ ಮಾಡ್ತೀನಿ. ಪೋಸ್ಟರ್ ಅಂಟಿಸ್ತೀನಿ, ಶೋ ಇಡ್ತೀನಿ, ಜನ ಸೇರಿಸ್ತೀನಿ."

"ಅವರೇ ಇನ್ನೊಂಚೂರು ಜೋರಾಗಿ ಬಾರಿಸಿದರೆ ಜನಕ್ಕೆ ತಾನಾಗೇ ಕೇಳಿಸಲ್ವಾ?"

ಹುಡುಗಿ ಫೋನನ್ನು ಕಿವಿಯಿಂದ ಇಳಿಸಿ ನನ್ನ ಮುಖ ನೋಡಿದಳು. "ಅಜ್ಜಿ, ಅದಕ್ಕಿಂತ ಜೋರು ಇಲ್ಲ," ಎಂದಳು.

ಒಳಗಿನಿಂದ ನನ್ನ ನಾದಿನಿಯ ಧ್ವನಿ ಬಂತು. "ಬೇಡ ಅನ್ನಿ ಅತ್ತಿಗೆ. ನಿಂತ ಕಡೆ ನಿಲ್ಲದವರು ಮನೆಗೆ ಆಗಲ್ಲ."

ನಾದಿನಿ ಬೇಡ ಅಂದದ್ದರಿಂದ ನಾನು ಆಗಲಿ ಅಂದೆ. (ನನ್ನ ಯಜಮಾನರು ಹೋದ ಮೇಲೆ ನಮ್ಮಿಬ್ಬರ ಸಂಸಾರ ನಡೆಯುತ್ತಿರುವುದೇ ಈ ಪದ್ಧತಿಯಲ್ಲಿ.)

ವಾರ ಕಳೆಯುವುದರೊಳಗೆ ನಾದಿನಿ ಅವಳಿಗೆ ಸುಂಟರಗಾಳಿ ಎಂದು ನಾಮಕರಣ ಮಾಡಿದಳು. ಸುಂಟರಗಾಳಿ ಕೂತು ಉಂಡದ್ದನ್ನು ನಾವು ನೋಡಿಲ್ಲ. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಕೆಳಗೆ, ಬಾಯಲ್ಲಿ ಬ್ರೆಡ್ಡು, ಫೋನಿಗೆ ಸಮಾಧಾನ. "ಬಾರಣ್ಣ, ನೀನು ಬರದಿದ್ದರೆ ಗಿಟಾರ್ ಯಾರು ನುಡಿಸ್ತಾರೆ? ನಿಮ್ಮಮ್ಮನಿಗೆ ನಾನು ಹೇಳ್ತೀನಿ." ಆ ಗಿಟಾರ್ ಅಣ್ಣನ ಅಮ್ಮನಿಗೂ ಹೇಳುತ್ತಿದ್ದಳು, ಆ ಅಮ್ಮನ ಮಂಡಿನೋವನ್ನೂ ವಿಚಾರಿಸುತ್ತಿದ್ದಳು.

ಅವಳ ಹಿಂದೆಯೇ ಬ್ಯಾಂಡಿನ ಸಾಮಾನುಗಳೂ ಬಂದವು. ಇಡಲು ಬೇರೆ ಜಾಗವಿಲ್ಲವಂತೆ. ನಡುಮನೆಯಲ್ಲಿ ಕರೀ ವೈರುಗಳು ಹಾವಿನ ಮರಿಗಳ ಹಾಗೆ ಬಿದ್ದಿರುತ್ತಿದ್ದವು. ನಮ್ಮ ಬೀರುವಿಗಿಂತ ಎತ್ತರದ ಸ್ಪೀಕರ್ ಒಂದು ನಾದಿನಿಯ ಮಂಚದ ಪಕ್ಕ ನಿಂತಿತು. ದೊಡ್ಡ ಡ್ರಮ್ಮು ಬಚ್ಚಲುಮನೆ ಸೇರಿತು. ನಾವು ಅದರ ಸುತ್ತ ಅಡ್ಡಡ್ಡ ಸರಿದುಕೊಂಡು ಸ್ನಾನ ಮಾಡಬೇಕಿತ್ತು. ನೀರು ತಾಗಿದರೆ ಡ್ರಮ್ಮಿನವನಿಗೆ ಜ್ವರ ಬಂದಂತಾಗುತ್ತಿತ್ತು. ಸಂಜೆ ಮಹಡಿಯಲ್ಲಿ ಅಭ್ಯಾಸ. ಕಪಾಟಿನ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಹಲ್ಲು ಕಡಿಯುತ್ತಿದ್ದವು. ಒಂದು ಲೋಟ ಕೆಳಗೆ ಹಾರಿ ಪ್ರಾಣ ಬಿಟ್ಟಿತು.

"ಬೈಯಿರಿ ಅತ್ತಿಗೆ," ಎನ್ನುತ್ತಿದ್ದಳು ನಾದಿನಿ.

"ನೀನೇ ಬೈ."

"ಮನೆ ಯಜಮಾನ್ತಿ ನೀವು."

ಯಾರೂ ಬೈಯಲಿಲ್ಲ. ನಿಜ ಹೇಳಬೇಕೆಂದರೆ ಆ ಗಲಾಟೆ ನಮಗೆ ಒಗ್ಗಿಬಿಟ್ಟಿತ್ತು. ಅಭ್ಯಾಸ ಇಲ್ಲದ ಸಂಜೆ ನಾನು ಒರೆಸಿದ ಮೇಜನ್ನೇ ಒರೆಸುತ್ತಿದ್ದೆ. ನಾದಿನಿ ಹೋಗಿ ಮೆಟ್ಟಿಲ ಕೆಳಗೆ ನಿಂತು, "ಇವತ್ತು ಯಾಕೆ ಸತ್ತ ಹಾಗಿದೆ?" ಎಂದು ಮೇಲೆ ನೋಡುತ್ತಿದ್ದಳು.

ಹೀಗಿರುವಾಗ ಒಂದು ಸೋಮವಾರ ಸುಂಟರಗಾಳಿ ಬಂದು ಕುರ್ಚಿಯ ಮೇಲೆ ಕೂತಳು. ಕೂತದ್ದು ನೋಡಿಯೇ ನಮಗೆ ಭಯವಾಯಿತು.

ವಿಷಯ ಇಷ್ಟು. ಅವಳು ಶೋ ಇಡುತ್ತಿದ್ದದ್ದು ಸೈಕಲ್ ಅಂಗಡಿಯ ಹಿಂದಿನ ಹಳೇ ಗೋಡೌನಿನಲ್ಲಿ. ಗೋಡೌನಿನ ಮಾಲೀಕರು, ಈ ಶನಿವಾರ ಜಾಗ ತುಂಬಬೇಕು, ತುಂಬದಿದ್ದರೆ ಮುಂದಿನ ವಾರದಿಂದ ಅಲ್ಲಿ ಟೈಲ್ಸ್ ಇಡುತ್ತೇನೆ ಎಂದಿದ್ದರಂತೆ. ಊರಲ್ಲಿ ಇವರನ್ನು ಸೇರಿಸಿಕೊಳ್ಳುವ ಬೇರೆ ಜಾಗವಿಲ್ಲ.

"ಜನ ಬರಲ್ವೇನೇ?" ಎಂದೆ.

"ಫೋನಲ್ಲಿ ಎಲ್ಲರೂ ಬರ್ತೀನಿ ಅಂತ ಒತ್ತುತ್ತಾರೆ ಅಜ್ಜಿ. ಹಾರ್ಟ್ ಕಳಿಸ್ತಾರೆ. ಕಡೆಗೆ ಬರೋದು ಗಿಟಾರ್‌ನವನ ಅಮ್ಮ ಒಬ್ಬರೇ. ಅವರೂ ಅವನನ್ನ ಬೇಗ ಮನೆಗೆ ಕರ್ಕೊಂಡು ಹೋಗೋಕೆ."

"ತುಂಬದಿದ್ದರೆ?"

"ಅಕ್ಕನ ಊರಿಗೆ ಹೋಗ್ತೀನಿ. ಭಾವ ಅವರ ಆಫೀಸಲ್ಲಿ ಕೂರೋ ಕೆಲಸ ನೋಡಿದ್ದಾರೆ."

ಇವಳಿಗೆ ಕೂರುವ ಕೆಲಸ! ಅವಳು ಹೋದರೆ ಈ ಮನೆಯಲ್ಲಿ ಉಳಿಯುವುದು ನಾನು, ನಾದಿನಿ, ಗೋಡೆ ಗಡಿಯಾರ. ಆ ಮೂರರಲ್ಲಿ ಹೊಸ ಮಾತು ಆಡುವುದು ಯಾವುದೂ ಇಲ್ಲ.

ಶನಿವಾರದ ಪೋಸ್ಟರನ್ನು ನಮ್ಮ ಮುಂದೆ ಬಿಡಿಸಿಟ್ಟು ಹೋದಳು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಒಂದೊಂದೇ ಅಕ್ಷರ ಹಿಡಿದು ಓದುತ್ತೇನೆ. ಅದರಲ್ಲಿ ಅಕ್ಷರಗಳಿಗೂ ಕೈಕಾಲು ಬಂದು ಕುಣಿಯುತ್ತಿದ್ದವು. ಬನ್ನಿ, ಬನ್ನಿ, ತಪ್ಪದೇ ಬನ್ನಿ ಎಂದು ಮೂರು ಕಡೆ ಬರೆದಿತ್ತು.

ನಾದಿನಿ ಮೂಗು ಮುರಿದಳು. "ಇಷ್ಟು ಗೋಗರೆದರೆ ಯಾರು ಬರ್ತಾರೆ? ಅಲ್ಲಿ ಏನೋ ಹುಳುಕಿದೆ ಅಂತಲೇ ತಿಳ್ಕೋತಾರೆ."

ಆಗ ನನ್ನ ತಲೆಯೊಳಗೆ ದೀಪ ಹತ್ತಿತು. ನಮ್ಮ ಬೀದಿಯ ಮೂಲೆ ಮನೆಯವರು ಟೀಗೆ ಕರೆದ ದಿನ ಎಲ್ಲರಿಗೂ ಸೊಂಟ ಹಿಡಿದುಕೊಂಡಿತ್ತು. ಅದೇ ಮನೆಯವರು ಗೇಟು ಹಾಕಿಕೊಂಡು ಜಗಳವಾಡಿದ ದಿನ ಇಡೀ ಬೀದಿ ಅವರ ಗೇಟಿಗೆ ಜೋತುಬಿದ್ದಿತ್ತು. ಜನರನ್ನು ಕರೆಯಬಾರದು. ಬರಬೇಡಿ ಅನ್ನಬೇಕು.

ಮಾರನೇ ದಿನವೇ ನನ್ನ ಪ್ರಚಾರ ದಂಡಯಾತ್ರೆ ಹೊರಟಿತು. ಸುಂಟರಗಾಳಿಗೆ ಹೇಳಲಿಲ್ಲ. ಸುಳ್ಳು ಹೇಳಬಾರದು ಎಂದು ಮೊದಲೇ ನಿರ್ಧಾರ ಮಾಡಿಕೊಂಡೆ. ಇದ್ದದ್ದನ್ನೇ ಹೇಳಿದೆ, ಆದರೆ ಇದ್ದಷ್ಟನ್ನೂ ಹೇಳಿದೆ.

ಮೊದಲು ದರ್ಜಿಯ ಅಂಗಡಿ. ರವಿಕೆಯ ತೋಳು ಸಡಿಲ ಮಾಡಿಸುವ ನೆಪದಲ್ಲಿ ಕೂತು ನಿಟ್ಟುಸಿರು ಬಿಟ್ಟೆ.

"ಯಾಕಮ್ಮ, ಹುಷಾರಿಲ್ವಾ?" ಎಂದ ದರ್ಜಿ.

"ಹುಷಾರು ಎಲ್ಲಿಂದ ಬರಬೇಕಪ್ಪ. ಮನೇಲಿ ಬ್ಯಾಂಡಿನವರು. ಬಚ್ಚಲಲ್ಲಿ ಡ್ರಮ್ಮು. ಲೋಟ ಒಡೀತು. ನಿದ್ದೆ ಅನ್ನೋದು ಕಣ್ಣಿಗೆ ಬಂದು ವಾಪಸ್ ಹೋಗುತ್ತೆ. ಈ ಶನಿವಾರ ಅದೇ ಗಲಾಟೆ ಗೋಡೌನಿನಲ್ಲಂತೆ, ಸಂಜೆ ಆರಕ್ಕೆ ಸರಿಯಾಗಿ. ನೀವು ಮಾತ್ರ ಆ ಕಡೆ ತಲೆ ಹಾಕಬೇಡಿ."

"ನಾನ್ಯಾಕೆ ಹೋಗಲಮ್ಮ."

"ಹಾಂ, ಹೋಗಬೇಡಿ. ಎಡಗಡೆ ಬಾಗಿಲಿಂದ ಹೋದರೆ ಮುಂದಿನ ಸಾಲಲ್ಲೇ ಕುರ್ಚಿ ಸಿಗುತ್ತಂತೆ. ಆ ಬಾಗಿಲಿಗಂತೂ ಹೋಗಲೇಬೇಡಿ."

ಅಲ್ಲಿಂದ ಕ್ಲಿನಿಕ್ಕಿನ ಬೆಂಚು. ಅಲ್ಲಿ ರಕ್ತದೊತ್ತಡದವರು, ಕೆಮ್ಮಿನವರು, ಸುಮ್ಮನೆ ಫ್ಯಾನಿನ ಗಾಳಿಗೆ ಬಂದವರು, ಎಲ್ಲರಿಗೂ ಶನಿವಾರ ಬರಬೇಡಿ ಎಂದು ಬೇಡಿಕೊಂಡೆ. ನರ್ಸಮ್ಮ ಮಾತ್ರೆ ಕೊಡುತ್ತಾ, "ಎಷ್ಟು ಗಂಟೆಗೆ ಬರಬಾರದು ಅಂದ್ರಿ?" ಎಂದು ಎರಡು ಸಲ ಕೇಳಿದರು. ಕಡೆಗೆ ಪಾರ್ಕಿನಲ್ಲಿ ನಮ್ಮ ರಿಟೈರ್ಡ್ ಮೇಷ್ಟ್ರು. ಅವರು ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿ, "ಅಮ್ಮಾವ್ರೇ, ಇಷ್ಟು ದಿನ ನಮಗೆ ಯಾಕೆ ಹೇಳಲಿಲ್ಲ?" ಎಂದರು. ಮೀನು ಗಾಳ ಕಚ್ಚಿತು ಎಂದುಕೊಂಡೆ.

ಆ ವಾರವೆಲ್ಲ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹಾಲಿನವನಿಗೆ ಹೇಳಿದ್ದೆನಾ, ಮತ್ತೊಮ್ಮೆ ಹೇಳಿ ಬರಲಾ ಎಂದು ಚಪ್ಪಲಿ ಮೆಟ್ಟುವುದು, ಬಿಡುವುದು. "ಒಂದು ಸುಂಟರಗಾಳಿ ಸಾಲದು ಅಂತ ಈಗ ಎರಡಾಯಿತು," ಎಂದಳು ನಾದಿನಿ. ಶನಿವಾರ ಮಧ್ಯಾಹ್ನ ದರ್ಜಿ ಅರ್ಧ ಹೊಲಿಗೆಯಲ್ಲೇ ಅಂಗಡಿ ಮುಚ್ಚಿದ್ದನ್ನು ಕಿಟಕಿಯಿಂದ ನೋಡಿದೆ. ಒಳ್ಳೇ ಸೀರೆ ಉಟ್ಟುಕೊಂಡೆ.

ಗೋಡೌನು ತುಂಬಿತ್ತು. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಇಡೀ ಬೀದಿ, ಇಡೀ ಕ್ಲಿನಿಕ್ಕು. ಆದರೆ ಒಬ್ಬರ ಮುಖದಲ್ಲೂ ನಗು ಇರಲಿಲ್ಲ. ಎಲ್ಲರೂ ಎದೆಯ ಮೇಲೆ ಕೈಕಟ್ಟಿದ್ದರು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಛತ್ರಿಯನ್ನು ಕೋಲಿನ ಹಾಗೆ ಊರಿ ಕೂತಿದ್ದರು. ಸಂಗೀತವನ್ನು ಗಂಭೀರವಾಗಿ ತೆಗೆದುಕೊಳ್ಳುವವರು ಹೀಗೆಯೇ ಕೂರುತ್ತಾರೇನೋ ಎಂದುಕೊಂಡೆ.

ಸುಂಟರಗಾಳಿ ಓಡಿಬಂದು ನನ್ನ ಎರಡೂ ಕೈ ಹಿಡಿದಳು. "ಅಜ್ಜಿ, ಇಷ್ಟು ಜನ ನಾನು ಕನಸಲ್ಲೂ ಕಂಡಿಲ್ಲ. ಯಾರಿವರೆಲ್ಲ?"

"ಸಂಗೀತಪ್ರಿಯರು," ಎಂದೆ.

ಡ್ರಮ್ಮಿನವನು ಕೋಲು ಎತ್ತಿದ. ಅವನು ಇಳಿಸುವ ಮೊದಲೇ ಮೇಷ್ಟ್ರು ಎದ್ದು ವೇದಿಕೆ ಹತ್ತಿ, ಹಾಡುವವನ ಕೈಯಿಂದ ಮೈಕು ತೆಗೆದುಕೊಂಡರು.

"ಈ ಬಡಾವಣೆಯ ನಾಗರಿಕರಾದ ನಾವು ಇಲ್ಲಿ ನೆರೆದಿರುವುದು ಮನರಂಜನೆಗಾಗಿ ಅಲ್ಲ. ಒಬ್ಬ ವೃದ್ಧ ಮಾತೆಯ ಆಕ್ರಂದನಕ್ಕೆ ಓಗೊಟ್ಟು, ಈ ಶಬ್ದೋಪದ್ರವವನ್ನು ನಿಲ್ಲಿಸಲು ಬಂದಿದ್ದೇವೆ. ಆ ತಾಯಿಯ ಬಚ್ಚಲುಮನೆಯಲ್ಲಿ ಡ್ರಮ್ಮು ಇದೆ. ಆ ತಾಯಿ ಅಡ್ಡಡ್ಡವಾಗಿ ಸ್ನಾನ ಮಾಡುತ್ತಿದ್ದಾರೆ."

ಸಭೆಯಲ್ಲಿ ಅಯ್ಯೋ ಎಂಬ ಉದ್ಗಾರ. ಮೇಷ್ಟ್ರು ಲೋಟ ಒಡೆದದ್ದು, ವೈರು ಕಾಲಿಗೆ ತೊಡರಿದ್ದು, ನಿದ್ದೆ ಬಂದು ವಾಪಸ್ ಹೋದದ್ದು, ಒಂದನ್ನೂ ಬಿಡಲಿಲ್ಲ. ನಾನು ಹೇಳಿದ ಕ್ರಮದಲ್ಲೇ ಹೇಳಿದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಸುಂಟರಗಾಳಿಯೂ ನೋಡಿದಳು. ನನ್ನ ಕೈ ಬಿಟ್ಟಳು.

"ಎದ್ದು ನಿಲ್ಲಿ ಅತ್ತಿಗೆ," ಎಂದು ನಾದಿನಿ ಪಿಸುಗುಟ್ಟಿದಳು. "ನಿಮಗೇ ಸನ್ಮಾನ."

ಬಾಗಿಲ ಹತ್ತಿರ ಗೋಡೌನಿನ ಮಾಲೀಕರು ನಿಂತಿದ್ದರು. ಈಗ ಸುಮ್ಮನಿದ್ದರೆ ಸೋಮವಾರ ಟೈಲ್ಸು, ಮಂಗಳವಾರ ಭಾವನ ಆಫೀಸು. ನಿಜ ಹೇಳಿದರೆ ಇಡೀ ಬೀದಿಯನ್ನು ಮಂಗ ಮಾಡಿದವಳು ಎನಿಸಿಕೊಳ್ಳುತ್ತೇನೆ. ಹೇಗೋ ವೇದಿಕೆ ಹತ್ತಿ ಮೈಕು ಹಿಡಿದೆ.

"ಮೇಷ್ಟ್ರೇ, ದೊಡ್ಡ ಉಪಕಾರ ಆಯಿತು," ಎಂದೆ. ನನ್ನ ಧ್ವನಿ ಗೋಡೌನಿನ ನಾಲ್ಕು ಮೂಲೆಯಿಂದಲೂ ಬಂದು ನನಗೇ ಹೊಡೆಯಿತು. "ಆದರೆ ಒಂದು ಮಾತು. ಇಲ್ಲಿರೋರು ಯಾರೂ ಇವರ ಹಾಡು ಕೇಳಿಲ್ಲ. ನಾಳೆ ಯಾರಾದರೂ, ಯಾವ ಹಾಡು ಕೆಟ್ಟದಾಗಿತ್ತು ಅಂತ ಕೇಳಿದರೆ ಏನು ಹೇಳ್ತೀರಿ? ನೀವು ಉತ್ತರಪತ್ರಿಕೆ ನೋಡದೇ ಫೇಲ್ ಮಾಡ್ತಿದ್ರಾ?"

ಮೇಷ್ಟ್ರಿಗೆ ಅದು ನಾಟಿತು. "ಪರಿಶೀಲನೆ ಆಗಲಿ," ಎಂದು ಹೋಗಿ ಕೂತರು.

ಬ್ಯಾಂಡು ಶುರುವಾಯಿತು. ಜನ ತಪ್ಪು ಹುಡುಕಲು ಕಿವಿ ನೆಟ್ಟು ಕೇಳಿದರು. ನಾನು ಕಂಡಂತೆ ಅಷ್ಟು ಶ್ರದ್ಧೆಯಿಂದ ಯಾರೂ ಯಾವ ಹಾಡನ್ನೂ ಕೇಳಿಲ್ಲ. ಮೊದಲ ಹಾಡಿಗೇ ದರ್ಜಿಯ ಕಾಲು ಕೈಕೊಟ್ಟಿತು. ಹೊಲಿಗೆ ಮಷಿನ್ ತುಳಿದು ಪಳಗಿದ ಕಾಲು, ಡ್ರಮ್ಮು ಕೇಳಿದ ಮೇಲೆ ಅದು ಅವನ ಮಾತು ಕೇಳಲಿಲ್ಲ. ಎರಡನೇ ಹಾಡಿಗೆ ಮೇಷ್ಟ್ರು ಛತ್ರಿ ಎತ್ತಿ, "ನಿಲ್ಲಿಸಿ. ಆ ಸಾಲು ಅರ್ಥವಾಗಲಿಲ್ಲ, ಬಿಡಿಸಿ ಹೇಳಿ," ಎಂದರು. ಹಾಡುವವನು ಗಾಬರಿಯಿಂದ ಒಂದೊಂದು ಪದವನ್ನೂ ಬಿಡಿಸಿ ಹೇಳಿದ. ಬಾರದ ಬಸ್ಸಿಗೆ ಕಾಯುತ್ತಾ ನಿಂತವನ ಹಾಡು ಅದು. ಆ ಬಸ್ಸಿಗೆ ಅಲ್ಲಿದ್ದವರೆಲ್ಲ ಕಾದವರೇ. ನರ್ಸಮ್ಮ, "ಇದರಲ್ಲಿ ತಪ್ಪೇನಿದೆ, ಸರಿಯಾಗೇ ಹೇಳಿದ್ದಾನೆ," ಎಂದರು. ಕೆಮ್ಮಿನವರು, ತಾಳ ಜಾಸ್ತಿಯಾಯಿತು ಎಂದರು. ದರ್ಜಿ, ಕಡಿಮೆಯಾಯಿತು ಎಂದ. ಜಗಳ ಹತ್ತಿತು. ತೀರ್ಮಾನಕ್ಕಾಗಿ ಹಾಡನ್ನು ಮತ್ತೆ ಹಾಡಿಸಿದರು. ಆಮೇಲೆ ಮತ್ತೊಮ್ಮೆ, ಇಡೀ ಗೋಡೌನು ಕೂಡಿಕೊಂಡು.

ಮುಗಿಯುವ ಹೊತ್ತಿಗೆ ತಕರಾರು ಅರ್ಧವೂ ಆಗಿರಲಿಲ್ಲ. "ಮುಂದಿನ ಶನಿವಾರ ಮುಂದುವರಿಸೋಣ," ಎಂದು ಮೇಷ್ಟ್ರು ಘೋಷಿಸಿದರು. ಮಾಲೀಕರು ಅವತ್ತೇ ಟೈಲ್ಸಿನವನಿಗೆ ಫೋನು ಮಾಡಿ ಬೇರೆ ಜಾಗ ನೋಡಿಕೊಳ್ಳಲು ಹೇಳಿದರು.

ಗೆದ್ದೆ ಎಂದುಕೊಂಡು ಮನೆಗೆ ಬಂದೆ. ಬೆಳಿಗ್ಗೆ ಎದ್ದು ನೋಡಿದರೆ ನಡುಮನೆಯಲ್ಲಿ ಒಂದು ವೈರೂ ಇರಲಿಲ್ಲ. ಬಚ್ಚಲುಮನೆ ಮೈದಾನದ ಹಾಗಿತ್ತು. ಸುಂಟರಗಾಳಿ ಬೆನ್ನಿಗೆ ಚೀಲ ಹಾಕಿಕೊಂಡು ಮೆಟ್ಟಿಲಿಳಿದು ಬಂದಳು.

"ಎಲ್ಲಿಗೆ?"

"ಗೋಡೌನಿನ ಮೇಲೆ ರೂಮಿದೆಯಂತೆ ಅಜ್ಜಿ. ಮಾಲೀಕರು ಬಿಟ್ಟುಕೊಟ್ಟರು. ನಿಮಗೆ ಇನ್ನು ತೊಂದರೆ ಇಲ್ಲ."

"ನನಗೆ ಯಾವ ತೊಂದರೆಯೂ ಇರಲಿಲ್ಲ ಕಣೇ. ಜನ ಬರಲಿ ಅಂತ ಹಾಗೆ ಹೇಳಿದೆ."

"ಡ್ರಮ್ಮು ಬಚ್ಚಲಲ್ಲಿ ಇದ್ದದ್ದು ಸುಳ್ಳಾ?"

"ಸುಳ್ಳಲ್ಲ."

"ಲೋಟ ಒಡೆದದ್ದು?"

"ಒಡೆದದ್ದು ನಿಜವೇ."

"ನಿದ್ದೆ ಬಂದು ವಾಪಸ್ ಹೋಗ್ತಿತ್ತಲ್ಲ?"

"ಹೋಗ್ತಿತ್ತು. ಆದರೆ..."

"ನೋಡಿ," ಎಂದಳು. ಅವಳ ಕಣ್ಣು ತುಂಬಿತ್ತು. "ಇಷ್ಟೆಲ್ಲ ಅನುಭವಿಸಿಯೂ ನನ್ನನ್ನ ಒಂದು ಮಾತು ಅನ್ನಲಿಲ್ಲ. ಈಗಲೂ ನನ್ನ ಮನಸ್ಸು ನೋಯಬಾರದು ಅಂತ ಏನೋ ಕತೆ ಕಟ್ತಿದ್ದೀರಿ. ನಿಮ್ಮಂಥ ದೊಡ್ಡ ಮನಸ್ಸಿನವರು ಸಿಗಲ್ಲ ಅಜ್ಜಿ."

"ನೀನಾದರೂ ಹೇಳು," ಎಂದು ನಾದಿನಿಯ ಕಡೆ ತಿರುಗಿದೆ.

"ಏನು ಹೇಳಲಿ," ಎಂದಳು ನಾದಿನಿ, ಸ್ಪೀಕರ್ ಹೋಗಿ ಖಾಲಿಯಾದ ಮಂಚದ ಪಕ್ಕವನ್ನೇ ನೋಡುತ್ತಾ. "ಇನ್ನೊಂಚೂರು ಚೆನ್ನಾಗಿ ಪ್ರಚಾರ ಮಾಡಿದ್ದರೆ ಹುಡುಗಿ ಊರೇ ಬಿಡ್ತಿದ್ಲು."

ಸುಂಟರಗಾಳಿ ಮೂಗು ಒರೆಸಿಕೊಂಡು ಫೋನು ತೆಗೆದಳು. ಅದರಲ್ಲಿ ಗಂಟೆ ನೋಡುತ್ತಲೇ ಅವಳ ಮುಖಕ್ಕೆ ಹಳೇ ಕಳೆ ಬಂತು, ಹೊಸ ಬ್ಯಾಂಡು ಸಿಕ್ಕಾಗ ಬರುತ್ತಿತ್ತಲ್ಲ, ಅದೇ.

"ನಿಮ್ಮನ್ನ ಹಾಗೇ ಬಿಟ್ಟು ಹೋಗ್ತೀನಾ ಅಜ್ಜಿ? ರೂಮಿಗೆ ಜನ ನೋಡಿಬಿಟ್ಟೆ. ಲೈಬ್ರರಿಯಲ್ಲಿ ಕೆಲಸ. ಮೆತ್ತನೆ ಚಪ್ಪಲಿ, ನಡೆದರೆ ಗೊತ್ತಾಗಲ್ಲ. ಫೋನು ಇಲ್ಲ, ಸ್ನೇಹಿತರಿಲ್ಲ, ನೆಂಟರು ಬರಲ್ಲ. ಟೀ ಕುಡಿದರೂ ಸದ್ದಿಲ್ಲ. ಕತ್ತಲಾದರೆ ಮಲಗಿಬಿಡ್ತಾರೆ. ನಿಮ್ಮ ಬಗ್ಗೆ ನಾನು ಎಷ್ಟು ಹೇಳಿದ್ದೀನಿ ಅಂದರೆ, ಅವರು ಆಗಲೇ ಬಂದು ಅರ್ಧ ಗಂಟೆಯಿಂದ ನಿಮ್ಮ ಬಾಗಿಲ ಹೊರಗೆ ನಿಂತಿದ್ದಾರೆ. ನಿಮಗೆ ಕೇಳಿಸಲೇ ಇಲ್ಲ ನೋಡಿ. ಒಳಗೆ ಕರೀಲಾ?"